ಹರಳನ್ನು ಅಲುಗಿಸಬೇಡ, ತಂಗಿ

ತಂಗೀ, ಮೊನ್ನೆ ನೀನು ಫೋನು ಮಾಡಿದಾಗ ನಿನ್ನ ದನಿಯಲ್ಲಿ ಅರ್ಧ ಸಂತೋಷ, ಅರ್ಧ ದಿಗಿಲು ಇತ್ತು. ರಾಯಬಾಗ ತಾಲೂಕಿನ ಹೈಸ್ಕೂಲಿಗೆ ವಿಜ್ಞಾನದ ಅಕ್ಕೋರಾಗಿ ಸೇರಿ ಮೂರು ತಿಂಗಳಾಯಿತು ಅಂದೆ. ತರಬೇತಿಯಲ್ಲಿ ‘ಕ್ರಿಯಾತ್ಮಕ ಸ್ಫಟಿಕ ವಸ್ತುಗಳು’ ಎಂದು ಎರಡು ತಾಸು ಪರದೆಯ ಮೇಲೆ ಚಿತ್ರ ತೋರಿಸಿದರಂತೆ. ಮಕ್ಕಳಿಗೆ ಪ್ರಯೋಗ ಮಾಡಿಸಿ ಕಲಿಸಿರಿ ಎಂದು ಹೇಳಿ ಕಳಿಸಿದರಂತೆ. ಶಾಲೆಗೆ ಬಂದು ಲ್ಯಾಬಿನ ಕಪಾಟು ತೆಗೆದರೆ ನಾಲ್ಕು ಬೀಕರು, ಒಂದು ತಕ್ಕಡಿ, ಲೇಬಲ್ಲು ಅಳಿಸಿಹೋದ ಶೀಶೆಗಳು. ‘ಸರ್, ಇಷ್ಟರಾಗ ಏನ ಕಲಸೂದ್ರಿ?’ ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಪ್ಲಾಸ್ಟಿಕ್ ಗುಂಡು-ಕಡ್ಡಿಯ ಮಾದರಿ ಹಿಡಿದು ತರಗತಿಗೆ ಹೋಗುತ್ತಿದ್ದೆ. ‘ಕಣಗಳು ಕ್ರಮಬದ್ಧವಾಗಿ ಜೋಡಣೆಗೊಂಡ ಘನವಸ್ತುವೇ ಸ್ಫಟಿಕ’ ಎಂದು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಗೆರೆ ಎಳೆದು ಬರೆದುಕೊಳ್ಳಿ ಎನ್ನುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಈ ಹರಳು ಏನ ಕೆಲಸಾ ಮಾಡತೈತ್ರಿ?’ ಎಂದು ಕೇಳಿದ. ನಾನು ಅದನ್ನು ಕಿಡಿಗೇಡಿತನ ಎಂದು ತಿಳಿದು ಗದರಿಸಿ ಕೂರಿಸಿದೆ. ಬಹಳ ವರ್ಷದ ಮೇಲೆ ಗೊತ್ತಾಯಿತು, ಇಡೀ ವಿಷಯದ ಹೊಸ್ತಿಲೇ ಆ ಪ್ರಶ್ನೆ. ಒತ್ತಿದರೆ ವಿದ್ಯುತ್ತು ಕೊಡುವ ಹರಳು, ಬೆಳಕನ್ನು ಹೊರಳಿಸುವ ಹರಳು, ನೀರನ್ನು ಹಿಡಿದಿಟ್ಟು ಬಿಡುವ ಹರಳು, ಬಿಸಿಲನ್ನು ವಿದ್ಯುತ್ತು ಮಾಡುವ ಹರಳು: ಕೆಲಸ ಮಾಡುವ ಹರಳಿಗೇ ಕ್ರಿಯಾತ್ಮಕ ಎಂಬ ದೊಡ್ಡ ಹೆಸರು. ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ. ವ್ಯಾಖ್ಯೆ ಕಡೆಗೆ ಬರಲಿ. ಹರಳು ಮೊದಲು ಮಕ್ಕಳ ಕೈಗೆ ಬರಲಿ, ‘ಇದು ಏನು ಕೆಲಸ ಮಾಡುತ್ತದೆ?’ ಎಂದು ಅವರೇ ಕೇಳಲಿ.

ನಿನ್ನ ಶಾಲೆಯ ಕಿಟಕಿ ತೆಗೆದು ನೋಡು. ದೀಪಾವಳಿ ಮುಗಿಯುತ್ತಲೂ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕೆ ಎರಡೆರಡು ಟ್ರೇಲರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡ ಕಬ್ಬಿನ ಸೀಮೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರಿಂದ ಇದೆ. ಆಮೇಲೆ ಸಹಕಾರಿ ಕಾರ್ಖಾನೆಗಳು ಬಂದವು, ಖಾಸಗಿಯವು ಬಂದವು. ಟನ್ನುಗಟ್ಟಲೆ ಹರಳು ಬೆಳೆಸುವ ಇಷ್ಟು ದೊಡ್ಡ ‘ಲ್ಯಾಬು’ಗಳು ಮಗ್ಗುಲಲ್ಲೇ ಇರುವಾಗ ನಾಲ್ಕು ಬೀಕರಿನ ಕಪಾಟು ನೋಡಿ ನೀನು ಯಾಕೆ ಕುಗ್ಗಬೇಕು?

ಒಳಗಿನ ಜೋಡಣೆಯನ್ನು ತಿಳಿಸಲು ನಾನು ಮಕ್ಕಳನ್ನು ಕಬ್ಬಿನ ಹೊಲದ ಬದುವಿಗೇ ಕರೆದುಕೊಂಡು ಹೋಗುತ್ತಿದ್ದೆ. ನಾಟಿ ಮಾಡಿ ಮೊಳಕೆ ಮೊಣಕಾಲಿಗೆ ಬಂದ ಹೊಲವಾದರೆ ಒಳ್ಳೆಯದು. ಸಾಲಿನ ನೇರಕ್ಕೆ ನಿಂತರೆ ಈ ಬದುವಿನಿಂದ ಆ ಬದುವಿನ ತನಕ ಕಣ್ಣು ಹಾಯುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಲು ಕಾಣದೆ ಬರೀ ಹಸಿರು ಗದ್ದಲ. ಇನ್ನಷ್ಟು ಸರಿದರೆ ಮತ್ತೆ ಓರೆಯಾಗಿ ಬೇರೊಂದು ಸಾಲು ತೆರೆದುಕೊಳ್ಳುತ್ತದೆ. ಹರಳಿನೊಳಗೆ ಕಣಗಳು ಹೀಗೇ ಸಾಲು ಹಿಡಿದು ನಿಂತಿವೆ, ಅದಕ್ಕೇ ಹರಳಿಗೆ ದಿಕ್ಕು ಎನ್ನುವುದು ಇದೆ, ಒಂದು ಕಡೆಯಿಂದ ಒತ್ತಿದಂತೆ ಇನ್ನೊಂದು ಕಡೆಯಿಂದ ಒತ್ತಿದರೆ ಆಗುವುದಿಲ್ಲ ಎಂದು ಅಲ್ಲೇ ನಿಂತು ಹೇಳು. ರೈತರ ಮಕ್ಕಳಿಗೆ ಎರಡನೆಯ ಸಲ ಹೇಳಬೇಕಾಗಿಲ್ಲ.

ಇನ್ನು ಮೊದಲ ಪಾಠ. ಒಂದೇ ಸಕ್ಕರೆಯ ಮೂರು ರೂಪಗಳನ್ನು ಮೇಜಿನ ಮೇಲೆ ಇಡು. ಒಂದು, ಅಂಗಡಿಯ ಕಲ್ಲುಸಕ್ಕರೆ. ಎರಡು, ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಮಾಡುವ ಸಕ್ಕರೆ ಆರತಿ. ಮೂರು, ಪಾಕವನ್ನು ಕೆಂಪಗೆ ಕಾಯಿಸಿ ಎಣ್ಣೆ ಸವರಿದ ತಾಟಿಗೆ ಸುರಿದು ಆರಿಸಿದ ತೆಳ್ಳನೆಯ ಗಾಜಿನಂಥ ಹಾಳೆ. ಮೂರನ್ನೂ ಒಡೆದು ಭೂತಗನ್ನಡಿಯಲ್ಲಿ ನೋಡಲಿ. ಕಲ್ಲುಸಕ್ಕರೆಯಲ್ಲಿ ದೊಡ್ಡ ಚಪ್ಪಟೆ ಮುಖಗಳು ಹೊಳೆಯುತ್ತವೆ. ಆರತಿ ಪುಡಿಪುಡಿಯಾಗಿ ಒಡೆಯುತ್ತದೆ, ಅದರ ತುಂಬ ದಿಕ್ಕಾಪಾಲಾದ ಸಣ್ಣ ಕಾಳುಗಳು. ಕೆಂಪು ಹಾಳೆ ಗಾಜು ಒಡೆದಂತೆ ಬಾಗಿದ ಚೂರಾಗಿ ಸಿಡಿಯುತ್ತದೆ, ಅದರೊಳಗೆ ಸಾಲೇ ಇಲ್ಲ. ಒಂಟಿ ಹರಳು, ಬಹುಹರಳು, ಹರಳಲ್ಲದ ಘನ: ಈ ಮೂರು ಮಾತು ಅವರ ತಲೆಯಲ್ಲಿ ಇನ್ನು ಅಳಿಯುವುದಿಲ್ಲ.

ಅದು ಮುಗಿದ ಮೇಲೆ, ಊರಿನಲ್ಲಿ ಯಾರದೋ ಪಂಪ್‌ಸೆಟ್ಟಿನ ಸೋಲಾರ್ ಹಲಗೆ ಇದ್ದರೆ ಅಲ್ಲಿಗೆ ನಡೆಯಿರಿ. ಹಳೆಯ ನೀಲಿ ಹಲಗೆಯಲ್ಲಿ ಮುರಿದ ಕನ್ನಡಿಯ ಚೂರು ಜೋಡಿಸಿದಂತೆ ಕಾಳು ಕಾಳು ಕಾಣುತ್ತದೆ. ಅದು ಬಹುಹರಳಿನ ಸಿಲಿಕಾನ್, ಸಕ್ಕರೆ ಆರತಿಯ ಜಾತಿಯದು. ಹೊಸ ಕಪ್ಪು ಹಲಗೆ ಒಂದೇ ಸಮ ಬಣ್ಣದ್ದು. ಅದು ಒಂಟಿ ಹರಳನ್ನು ಹಾಳೆಯಾಗಿ ಸೀಳಿದ್ದು, ಕಲ್ಲುಸಕ್ಕರೆಯ ಜಾತಿಯದು. ಒಂಟಿ ಹರಳಿನಲ್ಲಿ ವಿದ್ಯುತ್ತಿಗೆ ಅಡ್ಡಬರುವ ಕಾಳಿನ ಗಡಿಗಳಿಲ್ಲ, ಆದ್ದರಿಂದ ಅದೇ ಬಿಸಿಲಿಗೆ ಅದು ಹೆಚ್ಚು ವಿದ್ಯುತ್ತು ಕೊಡುತ್ತದೆ. ಒಳಗಿನ ಸಾಲು ಹೊರಗಿನ ಕೆಲಸವನ್ನು ಹೇಗೆ ಬದಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಪಾಠ ಬೀಜದ್ದು. ನಮ್ಮ ಮನೆಗಳಲ್ಲಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೀನು ನೋಡಿದ್ದೀಯ. ಸಣ್ಣ ಉರಿಯ ಮೇಲೆ ಪರಾತ ಇಟ್ಟು, ಎಳ್ಳಿನ ಮೇಲೆ ಚಮಚೆ ಚಮಚೆಯಾಗಿ ಪಾಕ ಬಿಡುತ್ತ, ಬೆರಳಿನಿಂದ ಆಡಿಸುತ್ತ ಕೂತರೆ ಒಂದೊಂದು ಎಳ್ಳಿನ ಸುತ್ತ ಬಿಳಿ ಮುಳ್ಳು ಮೂಡುತ್ತವೆ. ಎಳ್ಳೇ ಬೀಜ, ಸಕ್ಕರೆ ಅದರ ಮೇಲೆ ಕೂತು ಬೆಳೆದ ಹರಳು. ಪಾಕ ಒಮ್ಮೆಲೇ ಸುರಿದರೆ ಗಂಟಾಗುತ್ತದೆ, ಉರಿ ಹೆಚ್ಚಾದರೆ ಮುಳ್ಳು ಕರಗುತ್ತದೆ. ಈ ಕೆಲಸ ಬಲ್ಲ ಅಜ್ಜಿಯೊಬ್ಬಳನ್ನು ಶಾಲೆಗೆ ಕರೆಸು. ಅಂದು ಅವಳೇ ಪಾಠ ಮಾಡಲಿ, ನೀನು ಮಕ್ಕಳ ಜೊತೆ ಕೆಳಗೆ ಕೂತು ಕೇಳು.

ಕಾರ್ಖಾನೆಯಲ್ಲಿಯೂ ಇದೇ ನಡೆಯುತ್ತದೆ. ಅರೆದ ರಸಕ್ಕೆ ಸುಣ್ಣ ಹಾಕಿ, ಗಂಧಕದ ಹೊಗೆ ಕೊಟ್ಟು ತಿಳಿ ಮಾಡುತ್ತಾರೆ. ನೀರು ಇಂಗಿಸಿ ಸಿರಪ್ ಮಾಡಿ ಪಾನ್ ಎಂಬ ದೊಡ್ಡ ಮುಚ್ಚಿದ ಪಾತ್ರೆಗೆ ಎಳೆದುಕೊಳ್ಳುತ್ತಾರೆ. ಪಾನಿನೊಳಗಿನ ಗಾಳಿ ತೆಗೆದು ಒತ್ತಡ ಇಳಿಸಿರುವುದರಿಂದ ಸಿರಪ್ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಸಕ್ಕರೆ ಸೀಯುವುದಿಲ್ಲ. ಹದ ಬಂದ ಕ್ಷಣಕ್ಕೆ ನುಣ್ಣಗೆ ಅರೆದ ಸಕ್ಕರೆಯ ಬೀಜ ಬಿಡುತ್ತಾರೆ. ಅಲ್ಲಿಂದ ಮುಂದೆ ಪಾನ್‌ಮ್ಯಾನನ ಕಣ್ಣೇ ಎಲ್ಲ. ಗಾಜಿನ ಚೂರಿನ ಮೇಲೆ ನಾಲ್ಕು ಹನಿ ತೆಗೆದು ಬೆಳಕಿಗೆ ಹಿಡಿದು, ಕಾಳು ಹೇಗೆ ಬೆಳೆದಿದೆ ಎಂದು ನೋಡುತ್ತಾನೆ. ಬೀಜ ಕಡಿಮೆಯಾದರೆ ಕಾಳು ದಪ್ಪ, ಹೆಚ್ಚಾದರೆ ಸಣ್ಣ. ಪೇಟೆಯಲ್ಲಿ ಎಂ-30, ಎಸ್-30 ಎಂದು ಸಕ್ಕರೆಯ ದರ ಹೇಳುತ್ತಾರಲ್ಲ, ಅದರಲ್ಲಿ ಅಕ್ಷರ ಕಾಳಿನ ಗಾತ್ರ ಹೇಳುತ್ತದೆ, ಅಂಕಿ ಬಣ್ಣ ಹೇಳುತ್ತದೆ. ಕಿರಾಣಿ ಅಂಗಡಿಯಿಂದ ಎರಡೂ ಬಗೆಯ ಸಕ್ಕರೆ ನೂರು ನೂರು ಗ್ರಾಂ ತರಿಸಿ ಅಳತೆಪಟ್ಟಿಯ ಮೇಲೆ ಸಾಲಾಗಿ ಕಾಳು ಜೋಡಿಸಿ ಅಳೆಯಲು ಹೇಳು. ಒಂದು ಪೀರಿಯಡ್ಡಿನಲ್ಲಿ ಮುಗಿಯುವ ಪ್ರಯೋಗ ಅದು.

ಮೂರನೆಯದು ಲಿಂಬೆಹಣ್ಣಿನದು. ಜಿಲೇಬಿಯ ಪಾಕಕ್ಕೆ ಎರಡು ಹನಿ ಲಿಂಬೆ ಹಿಂಡುತ್ತಾರೆ, ಯಾಕೆ ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ ಎನ್ನು. ‘ಪಾಕ ಸಕ್ಕರೆಗಟ್ಟಬಾರದು ಅಂತ’ ಎಂಬ ಉತ್ತರ ಬರುತ್ತದೆ. ಎರಡು ಲೋಟದಲ್ಲಿ ಒಂದೇ ಹದದ ದಟ್ಟ ಪಾಕ ತೆಗೆದುಕೊ. ಒಂದಕ್ಕೆ ಲಿಂಬೆ ಹಿಂಡಿ ಇನ್ನಷ್ಟು ಹೊತ್ತು ಕುದಿಸು, ಇನ್ನೊಂದನ್ನು ಲಿಂಬೆ ಹಾಕದೆ ಅಷ್ಟೇ ಹೊತ್ತು ಕುದಿಸು. ಎರಡಕ್ಕೂ ದಾರ ಇಳಿಬಿಟ್ಟು ವಾರ ಬಿಟ್ಟು ನೋಡಲಿ. ಹುಳಿಗೆ ಸಕ್ಕರೆಯ ಅಣು ಗ್ಲುಕೋಸ್, ಫ್ರಕ್ಟೋಸ್ ಎಂದು ಎರಡು ಹೋಳಾಗುತ್ತದೆ. ಸಾಲಿನಲ್ಲಿ ಬೇರೆ ಬೇರೆ ಅಳತೆಯ ಅಣುಗಳು ನುಗ್ಗಿದರೆ ಹರಳು ಕಟ್ಟುವುದು ಕಷ್ಟ. ಬೆಲ್ಲ ಸಕ್ಕರೆಯಷ್ಟು ದೊಡ್ಡ ಹರಳಾಗಿ ನಿಲ್ಲದಿರುವುದಕ್ಕೂ ಇಂಥ ಬೆರಕೆಯೇ ಕಾರಣ. ಗಾಣದವರು ರಸ ತಿಳಿ ಮಾಡಲು ಸುಣ್ಣ, ಬೆಂಡೆಯ ಲೋಳೆ ಹಾಕುವುದನ್ನೂ, ಕೊಪ್ಪರಿಗೆಯ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹದ ನೋಡುವುದನ್ನೂ ಮಕ್ಕಳು ಕಂಡಿರುತ್ತಾರೆ. ಕಂಡದ್ದಕ್ಕೆ ಕಾರಣ ಸಿಗುವ ಆ ಸುಖವನ್ನು ಅವರಿಗೆ ಒಮ್ಮೆ ಉಣ್ಣಿಸು, ಆಮೇಲೆ ಅವರೇ ನಿನ್ನ ಬೆನ್ನು ಹತ್ತುತ್ತಾರೆ.

ಈಗ ಲ್ಯಾಬಿಗೆ ಬರೋಣ. ಪಟಿಕದಿಂದ ಶುರು ಮಾಡು. ಇಲ್ಲೊಂದು ಮೋಸವಿದೆ, ಎಚ್ಚರ. ನೀರು ತಿಳಿ ಮಾಡಲು ಮಾರುವ ಬಿಳಿ ಮುದ್ದೆಯೂ ಪಟಿಕವೇ ಅನ್ನುತ್ತಾರೆ, ಆದರೆ ಅದು ಸಾಮಾನ್ಯವಾಗಿ ಬರೀ ಅಲ್ಯೂಮಿನಿಯಂ ಸಲ್ಫೇಟು, ಅದರಿಂದ ಚೆಂದದ ಹರಳು ಬಾರದು. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಾರದರ್ಶಕ ಗಟ್ಟಿ ಇದೆಯಲ್ಲ, ಆ ಪೊಟ್ಯಾಶ್ ಪಟಿಕವೇ ಬೇಕು. 200 ಮಿ.ಲೀ. ಬಿಸಿನೀರಿಗೆ 50 ಗ್ರಾಂ ಪುಡಿ ಹಾಕಿ ಪೂರ್ತಿ ಕರಗಿಸಿ, ಸೋಸಿ, ಕಾಗದ ಮುಚ್ಚಿ ರಾತ್ರಿ ಬಿಡು. 20 ಡಿಗ್ರಿಯಲ್ಲಿ 100 ಮಿ.ಲೀ. ನೀರು ಸುಮಾರು 14 ಗ್ರಾಂ ಪಟಿಕವನ್ನಷ್ಟೇ ಹಿಡಿದಿಡಬಲ್ಲದು, 50 ಡಿಗ್ರಿಯಲ್ಲಾದರೆ 37 ಗ್ರಾಂ. ಆರಿದಾಗ ಹೆಚ್ಚಾದದ್ದು ತಳದಲ್ಲಿ ಹರಳಾಗಿ ಕೂರುತ್ತದೆ. ಅದರಲ್ಲಿ ಮುಖ ಸರಿಯಾಗಿರುವ ಒಂದನ್ನು ಆರಿಸಿ ತೆಳ್ಳನೆಯ ನೈಲಾನ್ ಎಳೆಗೆ ಕಟ್ಟಿ, ಮೇಲಿನ ತಿಳಿಯಲ್ಲೇ ನಡುವೆ ತೂಗಬಿಡು. ಆಮೇಲೆ ಕೈಕಟ್ಟಿ ಕೂರು. ದಿನಾ ಎತ್ತಿ ನೋಡುವ ಚಪಲ ಮಕ್ಕಳಿಗೆ ಮಾತ್ರ ಇರುತ್ತದೆ ಎಂದು ತಿಳಿಯಬೇಡ, ನಮಗೂ ಇರುತ್ತದೆ. ಅಲುಗಿಸಿದರೆ ಒಮ್ಮೆಲೇ ನೂರು ಸಣ್ಣ ಹರಳು ಹುಟ್ಟಿ ನಿನ್ನ ಒಂದು ಹರಳಿನ ಅನ್ನ ಕಸಿದುಕೊಳ್ಳುತ್ತವೆ. ಎರಡು ವಾರ ತಾಳಿದರೆ ಎಂಟು ಮುಖದ, ಎರಡು ಪಿರಮಿಡ್ಡನ್ನು ಬುಡಕ್ಕೆ ಬುಡ ಕೂಡಿಸಿದಂಥ ಹರಳು ಎಳೆಯ ತುದಿಗೆ ತೂಗುತ್ತದೆ.

ಎಲ್ಲರ ಹರಳೂ ಬೆಳೆಯುವುದಿಲ್ಲ. ಒಬ್ಬಳ ಲೋಟದಲ್ಲಿ ಮರುದಿನ ಎಳೆ ಮಾತ್ರ ಉಳಿದಿರುತ್ತದೆ, ಹರಳು ಮಾಯ. ಅಳುತ್ತ ಬರುತ್ತಾಳೆ. ಅವಳನ್ನೇ ಮುಂದೆ ಕರೆದು, ಯಾಕೆ ಹೀಗಾಯಿತು ಎಂದು ಎಲ್ಲರೂ ಯೋಚಿಸಲು ಹಚ್ಚು. ನೀರಿಗೆ ಇನ್ನೂ ಹಸಿವಿತ್ತು, ಆದ್ದರಿಂದ ಬೀಜವನ್ನೇ ತಿಂದಿತು ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಪರ್ಯಾಪ್ತ ದ್ರಾವಣ ಎಂಬ ಪದವನ್ನು ಹಲಗೆಯ ಮೇಲೆ ಬರೆಯಲು ಅದೇ ಮುಹೂರ್ತ. ಕೆಟ್ಟುಹೋದ ಹರಳಿಗೂ ವಹಿಯಲ್ಲಿ ಒಂದು ಪುಟ ಇರಲಿ: ತಾರೀಖು, ಕೋಣೆಯ ಉಷ್ಣತೆ, ಎಷ್ಟು ಮಿಲಿಮೀಟರ್ ಬೆಳೆಯಿತು, ಎಲ್ಲಿ ಎಡವಿತು. ಅಂಕ ಕೊಡುವಾಗ ಹರಳಿನ ಚೆಲುವಿಗಿಂತ ಆ ಪುಟಕ್ಕೆ ಹೆಚ್ಚು ಕೊಡು.

ಇದರ ಜೊತೆಗೇ ಅಡುಗೆಯ ಉಪ್ಪನ್ನೂ ಇಡು. ಉಪ್ಪು 20 ಡಿಗ್ರಿಯಲ್ಲಿ 100 ಮಿ.ಲೀ.ಗೆ 36 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲೂ 39 ಗ್ರಾಂ ಅಷ್ಟೇ. ಬಿಸಿ ಮಾಡಿ ಆರಿಸಿದರೆ ಏನೂ ದಕ್ಕದು, ಅಗಲ ತಟ್ಟೆಗೆ ಹಾಕಿ ಬಿಸಿಲಿಗೆ ಇಟ್ಟು ನೀರು ಆರಿಸಬೇಕು. ಪಟಿಕ ಎಂಟು ಮುಖ ತಾಳಿದರೆ ಉಪ್ಪು ಪಗಡೆಯ ದಾಳದಂತೆ ಚೌಕಾಗಿ ನಿಲ್ಲುತ್ತದೆ. ಒಳಗಿನ ಸಾಲು ಬೇರೆ, ಆದ್ದರಿಂದ ಹೊರಗಿನ ರೂಪ ಬೇರೆ.

ಬಣ್ಣ ಬೇಕೆಂದು ಮಕ್ಕಳು ಕೇಳುತ್ತಾರೆ. ಆಗ ಮೈಲುತುತ್ತ ತಾ. ಅಥಣಿಯ ಕಡೆ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಅದು ಗೊತ್ತಿರುವ ವಸ್ತು. ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಬಳ್ಳಿಗೆ ಹೊಡೆಯುತ್ತಾರೆ. ಅದು ವಿಷ, ಬಾಯಿಗೆ ತಾಕಬಾರದು, ಅಡುಗೆ ಪಾತ್ರೆಯಲ್ಲಿ ಮಾಡಬಾರದು, ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬಾರದು. ಶೀಶೆಯಲ್ಲಿ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಬಳಸು. 10 ಗ್ರಾಂ ನೀಲಿ ಹರಳನ್ನು ತೂಗಿ, ಪಿಂಗಾಣಿ ಬಟ್ಟಲಲ್ಲಿ ಸಣ್ಣ ಉರಿಗೆ ಕಾಯಿಸಿ ಪೂರ್ತಿ ಬೆಳ್ಳಗಾದ ಮೇಲೆ ಮತ್ತೆ ತೂಗಿದರೆ 6.4 ಗ್ರಾಮಿನ ಹತ್ತಿರ ಬರಬೇಕು. ಹೋದದ್ದು ಹರಳಿನ ಸಾಲಿನಲ್ಲಿ ಕೂತಿದ್ದ ನೀರು, ಒಂದು ಘಟಕಕ್ಕೆ ಐದು ಅಣು. ಬಿಳಿ ಪುಡಿಗೆ ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ‘ಇದೇನು ಕೆಲಸ ಮಾಡುತ್ತದೆ?’ ಎಂದು ಕೇಳಿದರೆ ಉತ್ತರ ಕಣ್ಣೆದುರಿಗೇ ಇದೆ: ಡೀಸೆಲ್ಲಿನಲ್ಲಿ ನೀರು ಬೆರೆತಿದೆಯೇ ಎಂದು ಈ ಬಿಳಿ ಪುಡಿ ಹೇಳಿಬಿಡುತ್ತದೆ. ಟ್ರ್ಯಾಕ್ಟರ್ ಇರುವ ಮನೆಯ ಹುಡುಗ ಅಂದು ರಾತ್ರಿ ಅಪ್ಪನಿಗೆ ಪಾಠ ಹೇಳುತ್ತಾನೆ. ಇನ್ನೊಂದು ಮಾತನ್ನೂ ಸೇರಿಸು. 1912ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಊಹೆಯನ್ನು ಪರೀಕ್ಷಿಸಲು ಅವನ ಜೊತೆಗಾರರು ಎಕ್ಸ್-ಕಿರಣ ಹಾಯಿಸಿದ ಮೊದಲ ಹರಳು ಇದೇ ಮೈಲುತುತ್ತ. ಕಣಗಳು ಸಾಲುಗಟ್ಟಿ ನಿಂತಿವೆ ಎಂದು ಜಗತ್ತಿಗೆ ಕಣ್ಣಾರೆ ತಿಳಿದದ್ದು ಆಗ. ಮುಂದೆ ಆ ವಿದ್ಯೆಯನ್ನು ಬೆಳೆಸಿ ಅಪ್ಪನ ಜೊತೆ ನೊಬೆಲ್ ಪಡೆದ ಲಾರೆನ್ಸ್ ಬ್ರ್ಯಾಗ್‌ಗೆ 1915ರಲ್ಲಿ ಬರೀ 25 ವರ್ಷ.

ಕೊನೆಯ ಪ್ರಯೋಗ ನನಗೆ ಅತ್ಯಂತ ಪ್ರೀತಿಯದು. ನಿನ್ನ ಕಪಾಟಿನಲ್ಲಿ ಇಲ್ಲದಿದ್ದರೂ ಹತ್ತಿರದ ಪಿಯು ಕಾಲೇಜಿನ ಲ್ಯಾಬಿನಲ್ಲಿ ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್ ಇದ್ದೇ ಇರುತ್ತದೆ. ಫೆಹ್ಲಿಂಗ್ ‘ಬಿ’ ದ್ರಾವಣ ಮಾಡಲು ತರಿಸಿರುತ್ತಾರೆ. ಅದಕ್ಕೆ ರೋಶೆಲ್ ಉಪ್ಪು ಎಂದೂ ಹೆಸರು. ಹುಣಸೆಯ ಹುಳಿಯೂ ಟಾರ್ಟಾರಿಕ್ ಆಮ್ಲವೇ, ದ್ರಾಕ್ಷಿಯಲ್ಲೂ ಅದು ಇದೆ; ಹಿಂದೆ ದ್ರಾಕ್ಷಾರಸದ ಪೀಪಾಯಿಗಳ ಗಷ್ಟಿನಿಂದಲೇ ಇದನ್ನು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ಪಟಿಕದ ಹಾಗೆಯೇ ಬೀಜ ಕಟ್ಟಿ ಬೆಳೆಸು. ನವೆಂಬರಿನಿಂದ ಜನವರಿಯೊಳಗೆ ಮಾಡು, ನಮ್ಮ ಬೇಸಿಗೆಗೆ ಈ ಹರಳು ತಾಳುವುದಿಲ್ಲ, ತನ್ನ ನೀರು ಬಿಟ್ಟು ಪುಡಿಯಾಗುತ್ತದೆ. ಹೆಬ್ಬೆರಳಿನಷ್ಟು ದೊಡ್ಡದಾದ ಮೇಲೆ ಎದುರುಬದುರು ಮುಖಗಳಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಎರಡು ತಂತಿ ಎಳೆದು, ಪ್ರಾರ್ಥನೆಗೆ ಬಳಸುವ ಆಂಪ್ಲಿಫಯರಿನ ಮೈಕಿನ ತೂತಿಗೆ ಕೊಡು. ಹರಳನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟು. ಸ್ಪೀಕರು ‘ಟಪ್’ ಎಂದರೆ ಅಂದು ನಿನ್ನ ಶಾಲೆಗೆ ಹಬ್ಬ. ಸುಮ್ಮನಿದ್ದರೆ ಮುಖ ಬದಲಿಸಿ, ಒತ್ತುವ ಮೂಲೆ ಬದಲಿಸಿ ನೋಡಲಿ. ಹರಳಿಗೆ ದಿಕ್ಕುಂಟು ಎಂದು ಹೊಲದ ಬದುವಿನಲ್ಲಿ ಹೇಳಿದ ಮಾತು ಆಗ ಕೈಗೆ ಹತ್ತುತ್ತದೆ. ಹಳೆಯ ಕಾಲದ ಮೈಕು, ಗ್ರಾಮಾಫೋನಿನ ಮುಳ್ಳಿನ ಹಿಂದೆ ಕೆಲಸ ಮಾಡುತ್ತಿದ್ದದ್ದು ಇದೇ ಹರಳು.

ಒತ್ತಿದರೆ ವಿದ್ಯುತ್ತು ಬರುವ ಈ ಗುಣವನ್ನು 1880ರಲ್ಲಿ ಪ್ಯಾರಿಸ್ಸಿನ ಅಣ್ಣತಮ್ಮಂದಿರು ಝಾಕ್ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದರು. ಅವರು ಪರೀಕ್ಷಿಸಿದ ಹರಳುಗಳಲ್ಲಿ ಸ್ಫಟಿಕಶಿಲೆ ಇತ್ತು, ರೋಶೆಲ್ ಉಪ್ಪಿತ್ತು, ಕಬ್ಬಿನ ಸಕ್ಕರೆಯೂ ಇತ್ತು. ಹೌದು ತಂಗಿ, ನಮ್ಮ ಹೊಲದ ಸಕ್ಕರೆಯ ಹರಳೂ ಒತ್ತಿದರೆ ತುಸು ವಿದ್ಯುತ್ತು ಹುಟ್ಟಿಸುತ್ತದೆ. ಅಡುಗೆಯ ಉಪ್ಪು ಹುಟ್ಟಿಸುವುದಿಲ್ಲ. ಯಾಕೆ? ಉಪ್ಪಿನ ಜೋಡಣೆ ನಡುವಿನಿಂದ ಯಾವ ಕಡೆ ನೋಡಿದರೂ ಎದುರಿಗೆ ಅಂಥದೇ ಇರುವ ಸಮತೋಲ. ಸಕ್ಕರೆಯ ಅಣುವಾದರೋ ನಮ್ಮ ಎಡಗೈ ಬಲಗೈ ಇದ್ದ ಹಾಗೆ, ಒಂದೇ ಕೈಯದು. ಒಂದೇ ಕೈಯ ಅಣುಗಳು ಸಾಲು ನಿಂತರೆ ಆ ಸಮತೋಲ ಬರುವುದು ಸಾಧ್ಯವಿಲ್ಲ, ಒತ್ತಿದಾಗ ಧನ ಒಂದು ಕಡೆ, ಋಣ ಇನ್ನೊಂದು ಕಡೆ ಸರಿಯಲು ಅಲ್ಲಿ ದಾರಿಯಿದೆ. ಟಾರ್ಟ್ರೇಟಿನ ಹರಳುಗಳನ್ನು ಚಿಮಟದಿಂದ ಎಡ-ಬಲ ಎಂದು ಬೇರ್ಪಡಿಸಿ 1848ರಲ್ಲಿ ಲೂಯಿ ಪಾಸ್ಚರ್ ಹಾಕಿದ ಹೆಜ್ಜೆ ಈ ಕೈಗಳ ಕಥೆಗೇ ಸೇರಿದ್ದು. ನಮ್ಮ ಕಾರ್ಖಾನೆಯ ಲ್ಯಾಬಿನಲ್ಲಿ ರಸದ ‘ಪೋಲ್’ ನೋಡುತ್ತಾರಲ್ಲ, ಅದೂ ಈ ಒಂದೇ ಕೈಯ ಗುಣದಿಂದಲೇ. ಸಕ್ಕರೆಯ ನೀರು ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸುತ್ತದೆ, ಎಷ್ಟು ತಿರುಗಿಸಿತು ಎಂಬುದರಿಂದ ರಸದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಲೆಕ್ಕ ಹಾಕುತ್ತಾರೆ. ಮಕ್ಕಳ ಅಪ್ಪಂದಿರು ಕಟ್ಟೆಯ ಮೇಲೆ ಕೂತು ಮಾತಾಡುವ ‘ರಿಕವರಿ’ಯ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣದ, ಹಿಂದೆ ಈ ಬೆಳಕಿದೆ.

ಹರಳು ಬೆಳೆಯದಿದ್ದರೂ ನಿರಾಸೆ ಬೇಡ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಹತ್ತು ನಿಮಿಷ ಕತ್ತಲೆಗೆ ಕಣ್ಣು ಪಳಗಲಿ. ದೊಡ್ಡ ಕಲ್ಲುಸಕ್ಕರೆಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಪಕ್ಕಡದಿಂದ ಪಟ್ಟನೆ ಒಡೆ. ಒಡೆಯುವ ಜಾಗದಲ್ಲಿ ನೀಲಿ ಮಿಂಚು ಹಾಯುತ್ತದೆ. ಹರಳು ಸೀಳುವಾಗ ಎರಡು ಕಡೆ ಬೇರೆ ಬೇರೆ ವಿದ್ಯುದಂಶ ಉಳಿದು, ನಡುವಿನ ಗಾಳಿಯ ಸಾರಜನಕ ಬೆಳಗುತ್ತದೆ. ನಲವತ್ತು ಮಕ್ಕಳು ಒಮ್ಮೆಲೇ ‘ಓ’ ಎನ್ನುವ ಸದ್ದು ನಾನು ನಿವೃತ್ತನಾಗಿ ಇಷ್ಟು ದಿನವಾದರೂ ಕಿವಿಯಲ್ಲಿದೆ.

ಅಲ್ಲಿಂದ ಮುಂದಿನದು ಚಿಕ್ಕ ಹೆಜ್ಜೆ. ಅಡುಗೆಮನೆಯ ಗ್ಯಾಸ್ ಲೈಟರಿನ ‘ಟಕ್’ ಎಂಬ ಕಿಡಿ, ಒತ್ತಿದರೆ ವಿದ್ಯುತ್ತು ಕೊಡುವ ಬಹುಹರಳಿನ ಪಿಂಗಾಣಿಯದು. ಗೋಡೆಯ ಗಡಿಯಾರದೊಳಗಿನ ಸ್ಫಟಿಕಶಿಲೆಯ ಚೂರು ಸೆಕೆಂಡಿಗೆ 32,768 ಸಲ ನಡುಗುತ್ತದೆ. 2ನ್ನು 15 ಸಲ ಗುಣಿಸಿದರೆ ಬರುವ ಅಂಕಿ ಅದು. ಅರ್ಧ, ಅರ್ಧ ಮಾಡುತ್ತ ಹೋದರೆ 15ನೆಯ ಸಲಕ್ಕೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಮಕ್ಕಳೇ ಗುಣಿಸಿ ನೋಡಲಿ. ಮೊಬೈಲಿನೊಳಗಿನ ಚಿಪ್ಪಿಗೆ ಬೇಕಾದ ಸಿಲಿಕಾನನ್ನು ಕರಗಿಸಿ, ಅದರಲ್ಲಿ ಬೀಜದ ಹರಳೊಂದನ್ನು ಅದ್ದಿ, ತಿರುಗಿಸುತ್ತ ನಿಧಾನವಾಗಿ ಮೇಲೆಳೆದು ಬೆಳೆಸುತ್ತಾರೆ. ಕುಸುರೆಳ್ಳಿನ ಅಜ್ಜಿ, ಪಾನ್‌ಮ್ಯಾನ್, ಚಿಪ್ಪಿನ ಕಾರ್ಖಾನೆಯ ಎಂಜಿನಿಯರು, ಮೂವರೂ ಬೀಜಕ್ಕೆ ಕಾಯುವವರೇ.

ಒಂದು ಕಹಿ ಹರಳನ್ನೂ ತೋರಿಸಲು ಮರೆಯಬೇಡ. ಕೃಷ್ಣೆಯ ದಂಡೆಯ ನಮ್ಮ ಎಷ್ಟೋ ಹೊಲಗಳು ಸವಳು-ಜವಳಾಗಿ ಕೂತಿವೆ. ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿ, ಒಳನೀರು ಮೇಲೆ ಬಂದು, ಬಿಸಿಲಿಗೆ ಆರಿ ಉಪ್ಪನ್ನು ನೆಲದ ಮೇಲೆ ಬಿಟ್ಟಿದೆ. ಆ ಬಿಳಿ ಪದರನ್ನು ಮಕ್ಕಳು ಪೊಟ್ಟಣ ಕಟ್ಟಿ ತರಲಿ, ನೀರಿಗೆ ಕಲಸಿ, ಸೋಸಿ, ತಟ್ಟೆಯಲ್ಲಿ ಆರಿಸಿ ಹರಳು ನೋಡಲಿ. ತಟ್ಟೆಯಲ್ಲಿ ನಾವು ಉಪ್ಪಿಗೆ ಮಾಡಿದ್ದನ್ನೇ ಹೊಲಕ್ಕೆ ಮಾಡಿಕೊಂಡಿದ್ದೇವೆ ಎಂದು ಅವರಿಗೇ ಹೊಳೆಯುತ್ತದೆ. ಸೋಡಿಯಂ ಹೆಚ್ಚಾದ ಮಣ್ಣಿಗೆ ಜಿಪ್ಸಂ ಹಾಕುವುದು ಯಾಕೆ, ಹಾಕಿದ ಮೇಲೆ ಬಸಿಗಾಲುವೆ ಯಾಕೆ ಬೇಕು ಎಂಬ ಮಾತು ಅಲ್ಲಿಂದ ಶುರುವಾಗಲಿ. ಜಿಪ್ಸಮ್ಮೂ ಒಂದು ಹರಳೇ. ಅದರ ಕ್ಯಾಲ್ಸಿಯಂ ಮಣ್ಣಿನ ಸೋಡಿಯಮ್ಮನ್ನು ಜಾಗ ಬಿಡಿಸುತ್ತದೆ, ನೀರು ಅದನ್ನು ತೊಳೆದು ಒಯ್ಯಬೇಕು.

ಇನ್ನು ಕೆಲವು ಸಣ್ಣ ಮಾತು. ನಿಪ್ಪಾಣಿ, ಕಾಗವಾಡದ ಕಡೆ ಮರಾಠಿ ಮನೆಮಾತಿನ ಮಕ್ಕಳು ಬಹಳ. ಪಟಿಕದ ಪಕ್ಕ ತುರಟಿ, ಕಲ್ಲುಸಕ್ಕರೆಯ ಪಕ್ಕ ಖಡೀಸಾಖರ, ಮೈಲುತುತ್ತದ ಪಕ್ಕ ಮೋರಚೂದ ಎಂದೂ ಬರೆ. ಹರಳಿಗೆ ಗಡಿ ಜಗಳವಿಲ್ಲ. ಲ್ಯಾಬಿನಲ್ಲಿ ಮಾಡಿದ ಯಾವುದನ್ನೂ, ಸಕ್ಕರೆಯಾದರೂ, ತಿನ್ನಲು ಬಿಡಬೇಡ. ತಿನ್ನುವ ಪ್ರಯೋಗವನ್ನು ಬಿಸಿಯೂಟದ ಕೋಣೆಯ ಪಾತ್ರೆಯಲ್ಲಿ ಬೇರೆಯೇ ಮಾಡು. ಪಠ್ಯದಲ್ಲಿ ಎಷ್ಟಿದೆ ಎಂದು ಮಾತ್ರ ನೋಡುತ್ತ ಕೂರಬೇಡ. ಎನ್‌ಸಿಇಆರ್‌ಟಿಯ 12ನೆಯ ತರಗತಿಯ ರಸಾಯನಶಾಸ್ತ್ರದಿಂದ ‘ಘನಸ್ಥಿತಿ’ ಎಂಬ ಅಧ್ಯಾಯವನ್ನೇ ತೆಗೆದರು. ಹೊರೆ ಇಳಿಯಿತು ಎನ್ನುವವರು ಅನ್ನಲಿ. ಹರಳನ್ನು ನೀನು ಹೈಸ್ಕೂಲಿನಲ್ಲಿ ಕೈಗೆ ಕೊಡದಿದ್ದರೆ ಈ ಮಕ್ಕಳಿಗೆ ಮುಂದೆಲ್ಲೂ ಅದು ಸಿಗದೆ ಹೋಗಬಹುದು, ಅಷ್ಟು ನೆನಪಿರಲಿ.

ದೊಡ್ಡವರ ಹೆಸರು ಹೇಳಬೇಕೆನಿಸಿದರೆ ಸಿ.ವಿ. ರಾಮನ್‌ರ ಕಥೆ ಹೇಳು. ನೊಬೆಲ್ ಬಂದ ಮೇಲೂ ಅವರಿಗೆ ಹರಳಿನ ಹುಚ್ಚು ಬಿಡಲಿಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಕಟ್ಟಿದ ತಮ್ಮ ಸಂಸ್ಥೆಯಲ್ಲಿ ವಜ್ರ, ಕಲ್ಲು, ಹರಳುಗಳನ್ನು ಕೂಡಿಹಾಕಿ, ಬೆಳಕಿಗೆ ಹಿಡಿದು, ಯಾಕೆ ಹೀಗೆ ಹೊಳೆಯುತ್ತದೆ ಎಂದು ಕೇಳುತ್ತಲೇ ಇದ್ದರು. ಹಿಂದಿನ ಬೆಂಚಿನ ನನ್ನ ಹುಡುಗನ ಪ್ರಶ್ನೆಯೂ ಅದೇ ಜಾತಿಯದು. ನಾನು ಗದರಿಸಿ ಕೂರಿಸಿದೆ. ನೀನು ಕೂರಿಸಬೇಡ.

ಫೆಬ್ರುವರಿ 28ಕ್ಕೆ ವಿಜ್ಞಾನ ದಿನ ಬರುತ್ತದೆ. ಥರ್ಮೋಕೋಲಿನ ಜ್ವಾಲಾಮುಖಿಯನ್ನು ಈ ವರ್ಷ ಬಿಟ್ಟುಬಿಡು. ಜನವರಿಯ ಚಳಿಯಲ್ಲೇ ನಲವತ್ತು ಲೋಟಕ್ಕೆ ನಲವತ್ತು ಎಳೆ ಕಟ್ಟಿಸು. ಒಂದೊಂದು ಲೋಟದ ಮೇಲೆ ಮಗುವಿನ ಹೆಸರು, ಬೀಜ ಹಾಕಿದ ತಾರೀಖು, ಹರಳು ಮಾಡುವ ಕೆಲಸ ಬರೆದಿರಲಿ; ಕರಗಿಹೋದವರ ಬರೀ ಎಳೆಯೂ ಅದೇ ಸಾಲಿನಲ್ಲಿರಲಿ. ಆ ದಿನ ನನಗೊಂದು ಫೋನು ಮಾಡು, ಬಂದು ನೋಡುತ್ತೇನೆ.